ಬೀಳದವರ ಮನೆ

ಹಿಂದಿನ ಚಳಿಗಾಲದಲ್ಲಿ ಕಾಲಿಪಾ ಕೊಟ್ಟಿಗೆಯ ಮುಂದೆ ಜಾರಿ ಬಿದ್ದು ಕೈ ಮುರಿದುಕೊಂಡಾಗ ಬೈಸಿಕೊಂಡವಳು ಅವಳ ಸೊಸೆ ಜೂರಾ. ಮುದುಕಿಗೆ ಎಂಬತ್ತು ದಾಟಿತ್ತು. ಬೇಡವೆಂದರೂ ಕೇಳದೆ, ಸೊಸೆ ಕರುವಿಗೆ ಹುಲ್ಲು ಹಾಕಿದ್ದಾಳೋ ಇಲ್ಲವೋ ನೋಡುತ್ತೇನೆಂದು ತಾನೇ ಹೊರಗೆ ಹೋಗಿದ್ದಳು. ಜೂರಾ ಆಗ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದಳು. ರಾಜಧಾನಿ ಬಿಷ್ಕೆಕ್‌ನಲ್ಲಿದ್ದ ಕಾಲಿಪಾಳ ಮಗಳು ಬುರುಲ್ ಫೋನಿನಲ್ಲಿ ಕೂಗಾಡಿದ್ದು ಪಕ್ಕದ ಮನೆಗೂ ಕೇಳಿಸಿತ್ತು.

“ಜೆಂಗೆ, ಒಬ್ಬ ಮುದುಕೀನ ನೋಡ್ಕೊಳ್ಳೋಕೆ ಆಗಲ್ವಾ ನಿಮ್ಗೆ? ಮನೇಲಿ ಇನ್ನೇನಿದೆ ಕೆಲ್ಸ, ಹೇಳಿ?”

ಅಣ್ಣನ ಹೆಂಡತಿಯಾದ್ದರಿಂದ ಜೂರಾ ಅವಳಿಗೆ ಜೆಂಗೆ. ಅಣ್ಣ ಎಸೆನ್ ತೀರಿಕೊಂಡು ವರ್ಷಗಳೇ ಆಗಿದ್ದವು. ಸಂಬಂಧದ ಹೆಸರು ಉಳಿದಿತ್ತು, ಅದರ ಜೊತೆಗೆ ಬಂದ ಚಾಕರಿಯೂ ಉಳಿದಿತ್ತು. ಕಾಲಿಪಾ ಅಂತೂ ಮದುವೆಯಾಗಿ ಬಂದ ದಿನದಿಂದ ಅವಳನ್ನು ‘ಕೆಲಿನ್’ ಎಂದೇ ಕರೆಯುವವಳು. ಸೊಸೆಯನ್ನು ಸೊಸೆ ಎಂದು ಕರೆಯುವುದು ಅವರಿದ್ದ ಬೆಟ್ಟದೂರು ನಾರಿನ್‌ನಲ್ಲಿ ಹೊಸದೇನೂ ಅಲ್ಲ. ಆದರೆ ಆಗ ಹತ್ತೊಂಬತ್ತರ ಹುಡುಗಿಯಾಗಿದ್ದವಳಿಗೆ ಈಗ ಅರವತ್ತು ಕಳೆದು, ಮಂಡಿ ಸವೆದು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವ ಹೊತ್ತು ಬಂದಿತ್ತು. ಇದ್ದ ಒಬ್ಬಳೇ ಮಗಳು ಓಶ್ ಪಟ್ಟಣದಲ್ಲಿ ಇನ್ನೊಬ್ಬರ ಮನೆಯ ಕೆಲಿನ್ ಆಗಿ, ಅಲ್ಲಿಂದ ಅಲುಗಾಡುವಂತಿರಲಿಲ್ಲ.

ಆ ವರ್ಷ ಶರತ್ಕಾಲದಲ್ಲಿ ಬುರುಲ್ ಕಾರು ಮಾಡಿಕೊಂಡು ಬಂದಳು. ಕೈಯಲ್ಲಿ ಬಿಳಿಯ ರಟ್ಟಿನ ಪೆಟ್ಟಿಗೆ. ಅವಳಿಗೆ ಗೊತ್ತಿದ್ದ ಯಾವುದೋ ಕಂಪನಿಯವರು ವಯಸ್ಸಾದವರು ಬೀಳದಂತೆ ನೋಡಿಕೊಳ್ಳುವ ಹೊಸ ಏರ್ಪಾಡು ಮಾಡಿದ್ದರಂತೆ. ಕೈಗೆ ಕಟ್ಟಲು ಒಂದು ವಾಚು, ವ್ಯಾಯಾಮ ಕಲಿಸಲು ಒಂದು ಟ್ಯಾಬ್, ಜೂರಾಳ ಫೋನಿಗೆ ಹಾಕಲು ಒಂದು ಆ್ಯಪ್.

“ನೋಡಿ ಜೆಂಗೆ, ಬಲು ಸುಲಭ,” ಎಂದು ಬುರುಲ್, ಮನೆಯವರೆಲ್ಲ ‘ಅಪಾ’ ಎನ್ನುವ ತಾಯಿಯ ಕೈಗೆ ವಾಚು ಕಟ್ಟುತ್ತ ಹೇಳಿದಳು. “ಅಪಾ ನಡೆಯೋವಾಗ ಹೆಜ್ಜೆ ತಪ್ಪಿದ್ರೆ, ಓಲಾಡಿದ್ರೆ, ಇದಕ್ಕೆ ಗೊತ್ತಾಗತ್ತೆ. ನಿಮ್ಮ ಫೋನು ಬಡ್ಕೊಳ್ಳತ್ತೆ. ನೀವು ಓಡಿಬಂದು ಅಪಾನ ಹಿಡ್ಕೊಂಡು ಈ ಹಸಿರು ಗುಂಡೀನ ಒತ್ಬೇಕು. ಇಲ್ಲಿ ಬರ್ದಿದೆ ನೋಡಿ, ‘ನಾನು ಹತ್ತಿರ ಇದ್ದೇನೆ’ ಅಂತ. ಒತ್ತಿದ್ದು ನಂಗೂ ತಿಳಿಯತ್ತೆ.”

“ಒತ್ತದೆ ಇದ್ರೆ?”

“ಒತ್ತದೆ ಇದ್ದಿದ್ದೂ ತಿಳಿಯತ್ತೆ,” ಎಂದು ಬುರುಲ್ ನಕ್ಕಳು.

ಆಮೇಲೆ ಆ್ಯಪ್ ಹೇಳಿದಂತೆ ಮನೆಯನ್ನೆಲ್ಲ ಪರೀಕ್ಷೆ ಮಾಡಿದಳು. ನೆಲದ ಮೇಲೆ ಹಾಸು ಇರಕೂಡದು, ಅಂಚಿಗೆ ಕಾಲು ಸಿಕ್ಕಿ ಬೀಳುತ್ತಾರೆ ಎಂದಿತ್ತು ಅದು. ಆ ಮನೆಯ ನೆಲದ ಮೇಲೆ ಇದ್ದವೆಲ್ಲ ಜೂರಾ ಕೈಯಾರೆ ಮಾಡಿದ ಶಿರ್ದಾಕ್‌ಗಳು. ಉಣ್ಣೆಯನ್ನು ಬಿಸಿನೀರು ಹೊಯ್ದು ಉರುಳಿಸಿ, ಬಣ್ಣ ಹಾಕಿ, ಟಗರಿನ ಕೊಂಬಿನ ಚಿತ್ತಾರ ಕತ್ತರಿಸಿ, ಹೊಲಿದು ಮಾಡುವ ದಪ್ಪ ಹಾಸುಗಳು. ಒಂದೊಂದಕ್ಕೂ ಒಂದೊಂದು ಚಳಿಗಾಲ ಹಿಡಿದಿತ್ತು. ಬುರುಲ್ ಎಲ್ಲವನ್ನೂ ಸುತ್ತಿ ಹಗ್ಗ ಕಟ್ಟಿ ಕಾರಿಗೆ ತುಂಬಿಸಿದಳು.

“ಇಲ್ಲಿ ಮೂಲೇಲಿದ್ರೆ ನುಸಿ ತಿನ್ನತ್ತೆ ಜೆಂಗೆ. ನನ್ ಫ್ಲ್ಯಾಟಲ್ಲಿ ಗೋಡೆಗೆ ಹಾಕ್ತೀನಿ. ಬಂದವರು ನೋಡಿ ಖುಷಿಪಡ್ತಾರೆ.”

ಬರಿಯ ಹಲಗೆಯ ನೆಲ ಆ ದಿನದಿಂದ ಕಾಲು ಕೊರೆಯತೊಡಗಿತು.

ಕಾಲಿಪಾಳಿಗೆ ಮಾತ್ರ ಹೊಸ ಆಟಿಕೆ ಸಿಕ್ಕಿದಂತಾಯಿತು. ಟ್ಯಾಬಿನಲ್ಲಿ ಒಬ್ಬಳು ಕೆಂಪು ಅಂಗಿಯ ಹುಡುಗಿ ಬರುತ್ತಿದ್ದಳು. ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಹಿಮ್ಮಡಿ ಎತ್ತಿ, ಕೂತು ಏಳಿ ಎಂದು ಇಂಪಾದ ದನಿಯಲ್ಲಿ ಹೇಳಿಕೊಡುತ್ತಿದ್ದಳು. ಸರಿಯಾಗಿ ಮಾಡಿದರೆ, “ಭೇಷ್ ಕಾಲಿಪಾ ಅಪಾ! ನಿನ್ನೆಗಿಂತ ಚೆನ್ನಾಗಿ ಮಾಡಿದ್ರಿ!” ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಕಾಲಿಪಾ ತಲೆಯ ಬಿಳಿ ವಸ್ತ್ರ ಸರಿಮಾಡಿಕೊಂಡು, “ನಿಂಗೆ ಒಳ್ಳೇದಾಗ್ಲಿ ಮಗಳೇ, ಬಂಗಾರದಂಥ ಹುಡುಗಿ,” ಎಂದು ಟ್ಯಾಬಿಗೆ ಹರಸುತ್ತಿದ್ದಳು. ಪಕ್ಕದಲ್ಲಿ ಕುರ್ಚಿ ಅಲುಗದಂತೆ ಹಿಡಿದು ಬಗ್ಗಿ ನಿಂತ ಜೂರಾ ಅದನ್ನು ದಿನವೂ ಕೇಳುವಳು. ಅಂಥ ಒಂದು ಮಾತು ಈ ಮನೆಯಲ್ಲಿ ತನ್ನ ಕಡೆಗೆ ಯಾವಾಗ ಬಂದಿತ್ತೆಂದು ನೆನಪು ಮಾಡಿಕೊಳ್ಳಲು ಹೋಗಿ, ಸಿಗದೆ, ಬಿಟ್ಟುಬಿಟ್ಟಳು.

ಒಂದು ಬೆಳಗ್ಗೆ ಕಾಲಿಪಾ ತಾನೇ ಕರೆದಳು. “ಬಾರೆ ಕೆಲಿನ್, ನೀನೂ ನಿಲ್ಲು ನೋಡೋಣ ಒಂಟಿ ಕಾಲಲ್ಲಿ.”

ಜೂರಾ ನಿಂತಳು. ನಿಂತಂತೆಯೇ ಪಕ್ಕಕ್ಕೆ ವಾಲಿ ಮೇಜು ಹಿಡಿದುಕೊಂಡಳು. ಇನ್ನೊಂದು ಕಾಲಲ್ಲೂ ಅಷ್ಟೇ.

ಕಾಲಿಪಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ ಖುದಾ! ಯಾರೇ ನಮ್ಮಿಬ್ರಲ್ಲಿ ಮುದುಕಿ? ನಿನ್ನನ್ನ ಕಟ್ಕೊಂಡು ನನ್ನ ಮಗ ಬೇಗ ಹೋಗಿದ್ದು ಸುಮ್ನೆ ಅಲ್ಲ.”

ಸತ್ತ ಗಂಡನ ಮಾತೆತ್ತಿದ್ದು ಜೂರಾಳಿಗೆ ಚುಚ್ಚಿತು. ಆದರೆ ಅದಕ್ಕಿಂತ ಹೆಚ್ಚಾಗಿ ತನ್ನ ಕಾಲುಗಳು ತನ್ನ ಮಾತು ಕೇಳದಿದ್ದುದು ಅವಳನ್ನು ಹೆದರಿಸಿತು. ಆ ವಾರ ಬುರುಲ್ ಫೋನು ಮಾಡಿದಾಗ ಹಿಂಜರಿಯುತ್ತಲೇ ಹೇಳಿದಳು. “ನಂಗೂ ಯಾಕೋ ಓಲಾಡ್ದಂಗೆ ಆಗತ್ತೆ ಬುರುಲ್. ಬಗ್ಗಿ ಎದ್ರೆ ಕಣ್ಣು ಕತ್ಲೆ ಬರತ್ತೆ.”

“ನಿಮ್ಗೇನಾಗಿದೆ ಜೆಂಗೆ, ಕುದುರೆ ಇದ್ದಂಗಿದೀರ. ಟೀ ಜೊತೆ ಸ್ವಲ್ಪ ಬೆಣ್ಣೆ ತಿನ್ನಿ. ಅದಿರ್ಲಿ, ನಿನ್ನೆ ಗುಂಡಿ ಒತ್ತೋಕೆ ಯಾಕಷ್ಟು ಹೊತ್ತಾಯ್ತು?”

ಮಾತು ಯಾವಾಗಲೂ ಹೊರಳಿ ಬರುತ್ತಿದ್ದುದು ಅಲ್ಲಿಗೇ. ಜೂರಾ ವಾರಕ್ಕೆ ಕೆಲವು ದಿನ ಹಳೆಯ ಶಿಶುವಿಹಾರದ ಕಟ್ಟಡಕ್ಕೆ ಹೋಗುತ್ತಿದ್ದಳು. ಊರಿನ ಹೆಂಗಸರು ಅಲ್ಲಿ ಕಲೆತು ಶಿರ್ದಾಕ್ ಮಾಡುತ್ತಿದ್ದರು. ಉದ್ದನೆಯ ಮೇಜಿನ ಸುತ್ತ ಕೂತು ಹೊಲಿಯುತ್ತ, ಇಡೀ ಊರಿನ ಸುದ್ದಿಯನ್ನು ಬಿಡಿಸಿ ಮತ್ತೆ ಹೊಲಿಯುತ್ತ, ನಗುತ್ತ ಇದ್ದ ಆ ಹೊತ್ತು ಒಂದೇ ಅವಳದೆಂದು ಇದ್ದುದು. ವಾಚು ಬಂದಮೇಲೆ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎದ್ದು ಓಡುತ್ತ ಮನೆಗೆ ಬಂದರೆ ಕಾಲಿಪಾ ಸುಖವಾಗಿ ಕಿಟಕಿಯ ಪಕ್ಕ ಕೂತಿರುವಳು.

“ಬಂದ್ಯಾ? ಟೀ ಆರಿಹೋಗಿದೆ. ಬಿಸಿ ಮಾಡು.”

ಮೊದಲು ಜೂರಾ ಅದನ್ನು ಯಂತ್ರದ ತಪ್ಪೆಂದುಕೊಂಡಿದ್ದಳು. ಒಂದು ದಿನ ಅಂಗಳದಿಂದ ಒಳಗೆ ಬರುವಾಗ ಕಿಟಕಿಯ ಗಾಜಿನಾಚೆ ಕಣ್ಣಾರೆ ಕಂಡಳು. ಕಾಲಿಪಾ ಕೂತಲ್ಲೇ ಕೂತು, ವಾಚು ಕಟ್ಟಿದ ಕೈಯನ್ನು ಮೇಲೆತ್ತಿ, ಮಜ್ಜಿಗೆ ಕಡೆಯುವವಳ ಹಾಗೆ ಅತ್ತಿತ್ತ ಜೋರಾಗಿ ಅಲ್ಲಾಡಿಸುತ್ತಿದ್ದಳು. ಜೂರಾಳ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಅಪಾ, ಕೂಗಿದ್ರೆ ಬರ್ತಿರ್ಲಿಲ್ವಾ ನಾನು?”

“ಕೂಗಿದ್ರೆ ಗಂಟಲು ನೋಯತ್ತೆ. ಇದು ಒಳ್ಳೇದು. ಹಿಂಗ್ ಕೈ ಆಡಿಸಿದ್ರೆ ಬರ್ತೀಯ.”

ಜೂರಾ ಇದನ್ನೂ ಬುರುಲ್‌ಗೆ ಹೇಳಿ ನೋಡಿದಳು. ಫೋನಿನ ಆಚೆಯಿಂದ ಬಂದ ದನಿ ತಣ್ಣಗಿತ್ತು.

“ನಮ್ಮಮ್ಮ ನಾಟಕ ಮಾಡ್ತಾಳೆ ಅಂತೀರಾ? ಹಂಗೆಲ್ಲ ಹೇಳ್ಬೇಡಿ ಜೆಂಗೆ. ನಿಮ್ಗೆ ಬರೋಕೆ ಬೇಜಾರಾದ್ರೆ ಬೇಜಾರು ಅಂತ್ಲೇ ಹೇಳಿ.”

ಹಾಗೆ ಶಿಶುವಿಹಾರದ ಮೇಜಿನ ಸುತ್ತ ಜೂರಾಳ ಜಾಗ ಖಾಲಿಯಾಯಿತು. ಪಕ್ಕದ ಮನೆಯ ಸಬೀರಾ ಅವಳ ಗೆಳತಿ, ಜೊತೆಗೇ ಹೊಲಿಯುವವಳು. ಬೇಲಿಯ ಮೇಲಿಂದ ಬಗ್ಗಿ ಕೇಳಿದಳು. “ಬರೋದೇ ಬಿಟ್ಬಿಟ್ಯಲ್ಲೇ, ಏನಾಯ್ತು?”

“ಅತ್ತೆ ಕೈಗೆ ಕಟ್ಟಿರೋ ವಾಚು ನನ್ನ ಕಾಲಿಗೆ ಕಟ್ಟಿದಾರೆ,” ಎಂದಳು ಜೂರಾ. ಇಬ್ಬರೂ ನಕ್ಕರು. ಸಬೀರಾ ಬೇಗ ನಗು ನಿಲ್ಲಿಸಿದಳು.

ಚಳಿ ಕೂತಿತು. ಹೊಳೆಯ ಅಂಚು ಬಿಳಿಯಾಯಿತು. ಆ ಬೀದಿಯಲ್ಲಿ ಮನೆಯೊಳಗೆ ನಲ್ಲಿಯಿಲ್ಲ, ತಿರುವಿನಲ್ಲಿರುವ ಬೀದಿನಲ್ಲಿಯಿಂದ ನೀರು ಹೊತ್ತು ತರಬೇಕು. ಬಕೆಟ್ಟುಗಳಿಂದ ಚೆಲ್ಲಿದ ನೀರು ಬಿದ್ದಲ್ಲೇ ಗಾಜಾಗುತ್ತಿತ್ತು. ಗೇಟಿನ ಮುಂದಂತೂ ಯಾರು ಎಷ್ಟು ಬೂದಿ ಚೆಲ್ಲಿದರೂ ಮಾರನೆಯ ದಿನ ಹೊಸ ಪದರ ಕಟ್ಟುತ್ತಿತ್ತು. ಅಂದು ಮಧ್ಯಾಹ್ನ ಜೂರಾ ಎರಡು ಕೈಯಲ್ಲೂ ತುಂಬಿದ ಬಕೆಟ್ಟು ಹಿಡಿದು ಗೇಟಿನ ಹತ್ತಿರ ಬಂದಿದ್ದಳು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

ನಿಂತು, ಬಕೆಟ್ಟು ಇಳಿಸಿ, ಕೈಗವಸು ಬಿಚ್ಚಿ, ಫೋನು ತೆಗೆದು ಗುಂಡಿ ಒತ್ತಬಹುದಿತ್ತು. ಆದರೆ ಹತ್ತಿರ ಇಲ್ಲದೆ ಹತ್ತಿರ ಇದ್ದೇನೆ ಎಂದು ಒತ್ತಲು ಅವಳಿಗೆ ಬರುತ್ತಿರಲಿಲ್ಲ. ಒಂದು ವೇಳೆ ಈ ಸಲ ಮುದುಕಿ ನಿಜಕ್ಕೂ ಎಡವಿದ್ದರೆ? ಜೂರಾ ಹೆಜ್ಜೆ ಬೀಸಾಗಿ ಹಾಕಿದಳು. ಬಲಗಾಲು ಮುಂದಕ್ಕೆ ಹೋದದ್ದು ಹಿಂದಕ್ಕೆ ಬರಲಿಲ್ಲ. ಬಕೆಟ್ಟುಗಳೆರಡೂ ಎರಡು ಕಡೆ ಉರುಳಿದವು. ಸೊಂಟದಲ್ಲಿ ಒಣಕಟ್ಟಿಗೆ ಮುರಿದಂಥ ಸದ್ದು ಅವಳಿಗೇ ಕೇಳಿಸಿತು.

ಮೊದಲು ನೋವಿಗಿಂತ ನೀರು ತಿಳಿಯಿತು. ಚೆಲ್ಲಿದ ನೀರು ಬೆನ್ನಿನಡಿ ಹರಿದು ಬಟ್ಟೆಗೆ ಅಂಟಿ ಬಿಗಿಯತೊಡಗಿತ್ತು. ಏಳಲು ನೋಡಿದಳು. ಆಗ ನೋವು ಬಂದಿತು. ಜೇಬಿನಿಂದ ಜಾರಿ ಮಂಜಿನ ಮೇಲೆ ಬಿದ್ದಿದ್ದ ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಆಮೇಲೆ ಆ ಸದ್ದು ನಿಂತು ಕರೆಯ ಸದ್ದು ಶುರುವಾಯಿತು. ಕೈ ಚಾಚಿ ಎಳೆದುಕೊಂಡಳು.

“ಜೆಂಗೆ! ಯಾಕೆ ಒತ್ತಿಲ್ಲ? ಅಪಾ ಎಲ್ಲಿ?”

“ಬುರುಲ್... ಬಿದ್ದು...”

“ಬಿದ್ರಾ? ಅಪಾ ಬಿದ್ರಾ? ತಲೆಗೆ ಪೆಟ್ಟಾಯ್ತಾ? ಮಾತಾಡಿ!”

“ನಾನು. ನಾನು ಬಿದ್ದಿದೀನಿ. ಗೇಟಿನ ಹತ್ರ. ಏಳೋಕಾಗ್ತಿಲ್ಲ.”

ಆಚೆಯಿಂದ ದೊಡ್ಡದಾಗಿ ಉಸಿರು ಬಿಟ್ಟ ಸದ್ದು ಬಂದಿತು. ಎದೆಯ ಮೇಲಿನ ಕಲ್ಲು ಇಳಿದವರು ಬಿಡುವಂಥ ಉಸಿರು. “ಅಯ್ಯೋ, ಪಾಪ... ಹಂಗಾದ್ರೆ ಅಪಾ ಹತ್ರ ಯಾರಿದಾರೆ ಈಗ?”

ಜೂರಾ ಫೋನನ್ನು ಮಂಜಿನ ಮೇಲೆ ಇಟ್ಟುಬಿಟ್ಟಳು.

ಬಾಗಿಲು ತೆರೆಯಿತು. ಕಾಲಿಪಾ ಹೊರಗೆ ಬಂದಳು. ಮೊಣಕಾಲುದ್ದದ ಉಣ್ಣೆಯ ಬೂಟು ಹಾಕಿಕೊಂಡು, ಕೈಗೋಲು ಊರಿ, ಒಂದೊಂದೇ ಮೆಟ್ಟಿಲಿಳಿದು, ಕೆಂಪು ಅಂಗಿಯ ಹುಡುಗಿ ಕಲಿಸಿದಂತೆ ಮಂಡಿ ತುಸು ಬಗ್ಗಿಸಿ, ಪಾದ ಅಗಲಿಸಿ, ಆ ಗಾಜಿನ ನೆಲದ ಮೇಲೆ ಒಮ್ಮೆಯೂ ಓಲಾಡದೆ ಗೇಟಿನ ತನಕ ನಡೆದು ಬಂದಳು. ಬಂದವಳು ಸೊಸೆಯನ್ನು ಮೇಲಿಂದ ನೋಡಿದಳು.

“ಏಳೇ ಕೆಲಿನ್. ಬೀದೀಲಿ ಬಿದ್ಕೊಂಡಿದೀಯಲ್ಲ, ಜನ ನೋಡ್ತಾರೆ.”

“ಆಗ್ತಿಲ್ಲ ಅಪಾ. ನೀವ್ಯಾಕೆ ಕರೆದ್ರಿ? ಏನಾಗಿತ್ತು?”

ಜೂರಾಳ ಕಾಲು ಸೊಟ್ಟಗೆ ಹೊರಳಿದ್ದು ಕಾಲಿಪಾಳ ಕಣ್ಣಿಗೆ ಆಗ ಬಿದ್ದಿತು. ಹೆಗಲ ಮೇಲಿನ ಶಾಲು ತೆಗೆದು ಸೊಸೆಯ ಮೇಲೆ ಎಸೆದು, ಬೇಲಿಯ ಕಡೆ ತಿರುಗಿ, ಗಂಟಲು ನೋಯುತ್ತದೆಂದವಳು ಇಡೀ ಬೀದಿಗೆ ಕೇಳುವಂತೆ ಕೂಗಿದಳು. “ಸಬೀರಾ! ಏ ಸಬೀರಾ! ಬಾರೇ, ನಮ್ಮೋಳು ಬಿದ್ದಿದಾಳೆ!”

ಆಸ್ಪತ್ರೆಯಲ್ಲಿ ತೊಡೆಯ ಮೂಳೆಗೆ ಕಬ್ಬಿಣದ ಪಟ್ಟಿ ಹಾಕಿದರು. ಇನ್ನು ಊರುಗೋಲು ಬಿಡುವ ಹಾಗಿಲ್ಲ ಎಂದರು. ಬುರುಲ್ ಕೆಲಸಕ್ಕೆ ರಜೆ ಹಾಕಿ ಬಂದಳು. ಮೊದಲ ದಿನ ಕಿತ್ತಳೆ ಹಣ್ಣು ತಂದು ಹಾಸಿಗೆಯ ಪಕ್ಕ ಇಟ್ಟು ಅತ್ತಳು. ನಿಜವಾಗಿಯೇ ಅತ್ತಳು. ಎರಡನೆಯ ಸಲ ಬಂದಾಗ ಮುಖ ಬಾಡಿತ್ತು. ಕಲ್ಲಿದ್ದಲ ಮಸಿ ಉಗುರಿನಲ್ಲಿ ಕೂತಿತ್ತು.

“ಆ ಒಲೆ ಹೆಂಗ್ ಹಚ್ತೀರ ಜೆಂಗೆ ನೀವು? ಹೊಗೆನೇ ಹೋಗಲ್ಲ. ನೀರು ಬೇರೆ ಹೊರ್ಬೇಕು. ಅಪಾ ಅಂತೂ ಒಂದ್ ನಿಮಿಷ ಕೂರೋಕೆ ಬಿಡಲ್ಲ, ಕೈ ಅಲ್ಲಾಡಿಸ್ತಾನೇ ಇರ್ತಾಳೆ.”

ಅಂದವಳು ತಾನೇನು ಹೇಳಿದೆನೆಂದು ತಿಳಿದು ಕಿತ್ತಳೆ ಸುಲಿಯತೊಡಗಿದಳು. ಜೂರಾ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಕ್ಷಮೆ ಬರಬಹುದೆಂದು ಒಂದು ಕ್ಷಣ ಕಾದದ್ದು ಹೌದು. ಬಂದದ್ದು ಸುಲಿದ ಕಿತ್ತಳೆಯ ತೊಳೆ. ಮುಂದಿನ ವಾರ ಬುರುಲ್ ಹಸು ಕರುವನ್ನು ಮಾರಿ, ಮನೆಗೆ ಬೀಗ ಹಾಕಿ, ತಾಯಿಯನ್ನು ಬಿಷ್ಕೆಕ್‌ಗೆ ಕರೆದೊಯ್ದಳು. ಆಸ್ಪತ್ರೆಯಿಂದ ಹೊರಬಂದ ಜೂರಾಳಿಗೆ ಹೋಗಲು ಮನೆ ಇರಲಿಲ್ಲ. ಅತ್‌ಬಾಶಿ ಹಳ್ಳಿಯಿಂದ ತಂಗಿ ಕುಲೈಮ್ ಮಗನೊಡನೆ ಗಾಡಿ ತಂದು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಅಲ್ಲಿಗೆ ಸಬೀರಾ ನೋಡಲು ಬಂದಳು. ಹಿಟ್ಟಿನ ತುಣುಕು ಕರಿದು ಮಾಡುವ ಬೋರ್ಸೋಕ್ ತಂದಿದ್ದಳು. ತಿನ್ನುತ್ತ, ಊರಿನ ಸುದ್ದಿ ಹೇಳುತ್ತ ಇದ್ದವಳು ಕೊನೆಗೆ ತಡೆಯಲಾರದೆ ತನ್ನ ಫೋನು ತೆಗೆದಳು. “ತೋರಿಸ್ಬಾರ್ದು ಅಂದ್ಕೊಂಡಿದ್ದೆ. ಆದ್ರೆ ಇನ್ಯಾರಾದ್ರೂ ತೋರಿಸ್ತಾರೆ.”

ವಾಚಿನ ಕಂಪನಿಯವರು ಮಾಡಿದ ವಿಡಿಯೊ. ಬುರುಲ್‌ಳ ಫ್ಲ್ಯಾಟು. ಗೋಡೆಯ ಮೇಲೆ ಜೂರಾಳ ಶಿರ್ದಾಕ್. ಅದರ ಮುಂದೆ ಕಾಲಿಪಾ ಹೊಸ ವೆಲ್ವೆಟ್ ಅಂಗಿ ತೊಟ್ಟು ಒಂಟಿ ಕಾಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಬುರುಲ್, ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿ, ಹೇಳುತ್ತಿದ್ದಳು. “ಹಿಂದಿನ ವರ್ಷ ಅಪಾ ಬಿದ್ದಾಗ ನಾವೆಲ್ಲ ಎಷ್ಟು ಹೆದರಿದ್ವಿ ಅಂತ ನಿಮಗೆ ಗೊತ್ತಿಲ್ಲ. ಈ ಚಳಿಗಾಲ ನಮ್ಮ ಮನೇಲಿ ಒಬ್ರೂ ಬೀಳಲಿಲ್ಲ.”

ಜೂರಾ ಇನ್ನೊಮ್ಮೆ ಹಾಕು ಎಂದಳು. ಸಬೀರಾ ಹಾಕಿದಳು. ಮುಗಿದ ಮೇಲೆ ಜೂರಾ ಫೋನನ್ನು ವಾಪಸು ಕೊಟ್ಟು, “ಅಪಾ ಗುಂಡಗಾಗಿದಾಳೆ,” ಎಂದಳು ಅಷ್ಟೇ. ಆ ದಿನ ಅವಳು ಊಟ ಮಾಡಲಿಲ್ಲ.

ಮಂಜು ಕರಗಿ ದಾರಿ ಒಣಗಿದ ಮೇಲೆ ಬುರುಲ್ ತಾಯಿಯನ್ನು ಕೂರಿಸಿಕೊಂಡು ಅತ್‌ಬಾಶಿಗೆ ಬಂದಳು. ಕಾಲಿಪಾ ಯಾರ ಕೈಯನ್ನೂ ಹಿಡಿಯದೆ ಕಾರಿನಿಂದಿಳಿದು ಹೊಸ್ತಿಲು ದಾಟಿ ಬಂದು ಒಳ್ಳೆಯ ಜಾಗ ನೋಡಿ ಕೂತಳು. ಜೂರಾ ಊರುಗೋಲಿನ ಮೇಲೆ ಭಾರ ಹಾಕಿ ಎದ್ದು ನಿಂತು ವಂದಿಸಿದಳು. ಅಭ್ಯಾಸ ಬಿಡಲಿಲ್ಲ.

ಹಾಲು, ಉಪ್ಪು ಹಾಕಿದ ಟೀ ಬಂದಿತು. ಬುರುಲ್ ವಿಷಯಕ್ಕೆ ಬಂದಳು. “ಅಪಾಗೆ ಫ್ಲ್ಯಾಟು ಒಗ್ತಿಲ್ಲ ಜೆಂಗೆ. ಕಿಟಕಿ ಹತ್ರ ಕೂತು ಗೊಣಗ್ತಾಳೆ. ನಂಗೂ ಕೆಲ್ಸ ಇದೆ. ನೀವು ವಾಪಸ್ ಬಂದ್ಬಿಡಿ. ನೀರಿನ ಪೈಪು ಒಳಗೇ ಹಾಕಿಸ್ಕೊಡ್ತೀನಿ. ಬೇಕಾದ್ರೆ ಕಂಪನಿಯೋರಿಗೆ ಹೇಳಿ ನಿಮ್ಗೂ ಒಂದು ವಾಚು ಕೊಡಿಸ್ತೀನಿ. ಇಬ್ರದೂ ಒಂದೇ ಫೋನಲ್ಲಿ ಬರತ್ತೆ.”

“ಯಾರ ಫೋನಲ್ಲಿ?”

“ನಿಮ್ದರಲ್ಲೇ.”

ಕುಲೈಮ್ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಜೂರಾಳಿಗೂ ನಗು ಬಂದಂತಾಯಿತು.

“ಅಂದ್ರೆ ನಾನು ಬಿದ್ರೆ ನಾನೇ ಓಡಿಬಂದು ನನ್ನನ್ನ ಹಿಡ್ಕೋಬೇಕು.”

“ಹಂಗಲ್ಲ ಜೆಂಗೆ...”

“ನಿಮ್ಮ ಮನೇಲಿ ಯಾರೂ ಬೀಳಲಿಲ್ಲ ಅಂದ್ಯಲ್ಲ ಬುರುಲ್, ನೋಡ್ದೆ ನಾನು. ಸರಿಯಾಗೇ ಹೇಳಿದೀಯ. ಹಂಗಾದ್ರೆ ನಾನು ಬಿದ್ದಿದ್ದು ಬೇರೆ ಯಾರ ಮನೇಲೋ ಇರ್ಬೇಕು. ಅಲ್ಲಿಗೆ ಯಾಕೆ ವಾಪಸ್ ಬರ್ಲಿ?”

ಬುರುಲ್‌ಳ ಮುಖ ಕೆಂಪಾಯಿತು. ಕಂಪನಿಯವರು ಬರೆದುಕೊಟ್ಟದ್ದನ್ನು ಹೇಳಿದೆ, ಅದರಲ್ಲೇನಿದೆ ಎಂದಳು. ಹಾಗೆ ನೋಡಿದರೆ ನಮ್ಮ ಮನೆಯ ಅನ್ನ ಇಷ್ಟು ವರ್ಷ ತಿಂದಿದ್ದೀರಿ ಎಂದೂ ಅಂದಳು. ಎಲ್ಲರೂ ಕಾಲಿಪಾಳ ಕಡೆ ನೋಡಿದರು. ಮುದುಕಿ ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಟ್ಟಲು ಕೆಳಗಿಟ್ಟು, “ಬಿಷ್ಕೆಕ್ಕಲ್ಲಿ ಟೀಗೆ ಉಪ್ಪೇ ಹಾಕಲ್ಲ ಇವ್ಳು,” ಎಂದಳು. ದನಿಯಲ್ಲಿ ಮೊದಲಿನ ಹರಿತ ಇರಲಿಲ್ಲ. ಜೂರಾ ತಾನಾಗಿ ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳೋ ಏನೋ, ಕಾಲಿಪಾ ಹೊರಡುವಾಗ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದಳು. ಜೂರಾ ನೆಲ ನೋಡುತ್ತಿದ್ದಳು. ಕಾರು ಹೊರಟುಹೋಯಿತು.

ಕಾಲಿಪಾ ಈಗಲೂ ಬಿಷ್ಕೆಕ್‌ನಲ್ಲಿದ್ದಾಳೆ. ಬೀಳದೆ ಗಟ್ಟಿಯಾಗಿದ್ದಾಳೆಂದು ಸುದ್ದಿ ಬರುತ್ತದೆ. ಹೊರಗೆ ಹೋಗಲು ಬುರುಲ್ ಬಿಡುವುದಿಲ್ಲವಂತೆ, ಕೋಣೆಯಲ್ಲೇ ಸುತ್ತು ಹಾಕುತ್ತಾಳಂತೆ.

ಜೂರಾ ತಂಗಿಯ ಮನೆಯಲ್ಲಿ ಉಳಿದಳು. ಕುಲೈಮ್ ಅಕ್ಕನನ್ನು ಕಣ್ಣಿನಂತೆ ನೋಡಿಕೊಂಡಳು. ಎಂದರೆ, ಅಕ್ಕನನ್ನು ಹಾಗೆ ನೋಡಿಕೊಳ್ಳುವಂತೆ ತನ್ನ ಸೊಸೆಗೆ ಹೇಳಿದಳು. ಆ ಹುಡುಗಿಯ ಹೆಸರು ಮೀರಿಮ್. ಎರಡು ಮಕ್ಕಳು, ಕುರಿಗಳು, ಅಡುಗೆ, ಮಾವನ ಔಷಧಿ, ಈಗ ಇವಳೂ. ಮೀರಿಮ್ ಎಂದೂ ಎದುರಾಡಲಿಲ್ಲ. ಆದರೆ ಬಟ್ಟಲು ಕೆಳಗಿಡುವ ಸದ್ದಿನಲ್ಲಿ, ಬಾಗಿಲು ಹಾಕುವ ರಭಸದಲ್ಲಿ ಏನಿದೆಯೆಂದು ಜೂರಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ಭಾಷೆಯನ್ನು ಅವಳೂ ಬಹುಕಾಲ ಆಡಿದ್ದಳು. ಅದಕ್ಕೇ ಬಾಯಾರಿದರೂ ಕರೆಯುತ್ತಿರಲಿಲ್ಲ. ಯಾರಾದರೂ ಆ ಕಡೆ ಹಾಯುವ ತನಕ ಸುಮ್ಮನಿರುತ್ತಿದ್ದಳು.

ಒಂದು ಮಧ್ಯಾಹ್ನ ಯಾರೂ ಹಾಯಲಿಲ್ಲ. ಜೂರಾ ಊರುಗೋಲು ಹುಡುಕಿದಳು, ಕೈಗೆ ಎಟುಕಲಿಲ್ಲ. ಗೋಡೆ ಹಿಡಿದುಕೊಂಡೇ ಎದ್ದು ನೀರಿನ ಹೂಜಿಯ ಕಡೆ ಹೆಜ್ಜೆ ಹಾಕಿದಳು. ಕಾಲು ನಡುಗಿತು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಮೀರಿಮ್ ಬಾಗಿಲಿನಿಂದ ಕಂಡು, ಸಾಬೂನಿನ ಕೈಯಲ್ಲೇ ಓಡಿಬಂದಳು.

“ಯಾಕೆ ಎದ್ರಿ ದೊಡ್ಡಮ್ಮ? ಕರೀಬಾರ್ದಿತ್ತಾ?”

“ನೀನು ಓಡ್ಬೇಡ ಮಗಳೇ. ಕೈ ಒದ್ದೆ, ಕಾಲೂ ಒದ್ದೆ. ನಿಧಾನ ಬಾ.”

ಮೀರಿಮ್ ಅವಳನ್ನು ರಟ್ಟೆ ಹಿಡಿದು ಕೂರಿಸಿದಳು. ನೀರು ತುಂಬಿ ಕೊಟ್ಟಳು. ಮುಖ ಆಚೆ ಮಾಡಿ ಹೇಳಿದಳು. “ನಿಧಾನ ಅಂದ್ರೆ ಆಗತ್ತಾ? ನೀವು ಬಿದ್ರೆ ಬೈಸ್ಕೊಳ್ಳೋಳು ನಾನು.”

ಜೂರಾ ನೀರು ಕುಡಿದಳು. ಹುಡುಗಿ ಸುಳ್ಳು ಹೇಳಿರಲಿಲ್ಲ, ಸಮಾಧಾನ ಹೇಳಲು ಜೂರಾಳ ಹತ್ತಿರವೂ ಏನೂ ಇರಲಿಲ್ಲ. ಬಟ್ಟಲು ಖಾಲಿ ಮಾಡಿ ಕೊಟ್ಟಳು. ಮೀರಿಮ್ ಅದನ್ನು ತೆಗೆದುಕೊಂಡು, ಒದ್ದೆ ಬಟ್ಟೆಗಳ ಕಡೆಗೆ ಹೋದಳು.